ಸಾರಥಿ ಕೇಳಿದ ಮಾತು

ಕುರುಗೋಡು
12-6-1973

ಶ್ರೀ ಕೊಟ್ಟೂರಪ್ಪ ಮಾಸ್ತರವರಿಗೆ, ಓಬಣ್ಣ ಮಾಡುವ ನಮಸ್ಕಾರಗಳು.

ಮಳಿ ಒಂದು ಬಿಟ್ಟರ ಇಲ್ಲಿ ಎಲ್ಲಾ ಐತ್ರಿ. ಅವ್ವ ಗಟ್ಟಿ ಅದಾಳ. ನಿಮ್ಮ ಮನಿಯಾಗ ಗುರುಬಸಮ್ಮಾರು, ಮಕ್ಕಳು ಚೆಂದ ಅದಾರಂತ ತಿಳಕೊಂಡೀನಿ.

ಬಯಲಾಟದ ತಾಲೀಮು ನಡದೈತ್ರಿ. ವಾರದಾಗ ಮೂರು ದಿನ, ಸಂಜೀಕ, ನಮ್ಮ ಮನಿ ಮುಂದಿನ ಕಟ್ಟಿ ಮ್ಯಾಲ. ನೀವು ಬರೆದು ಕೊಟ್ಟ ಅರ್ಧ ಆಟ ಎಲ್ಲರಿಗೂ ಬಾಯಿಗೆ ಬಂದೈತಿ. ಗಾದೆಪ್ಪ ರಾಜನ ಪಾತ್ರಕ್ಕಂತ ಈಗಲೇ ಮೀಸಿ ಬಿಟ್ಟಾನ. ಕಾಡಿನ್ಯಾಗ ದನಗಾಹಿ ಮನಿಯಾಗ ಬೆಳೆದ ಹುಡುಗ ಮಣಿಕೇತು ರಾಜ ಆಗ್ಯಾನ. ಜೋಡಿ ಬೆಳೆದ ಗೆಳೆಯ ಸಿಂಗಣ್ಣ ಒಂದು ಗಡಿಗಿ ಮೊಸರು ಹೊತ್ತುಕೊಂಡು ಅವನ್ನ ನೋಡಾಕ ಪಟ್ಟಣಕ್ಕ ಹೊಂಟಾನ. ಅಲ್ಲಿಗೆ ನಮ್ಮ ಹಾಳಿ ಮುಗದಾವ. ಸಿಂಗಣ್ಣನ ಪಾತ್ರದ ಹುಲುಗಪ್ಪ ಮೂರು ತಿಂಗಳಿಂದ ಗಡಿಗಿ ಹೊತ್ತು ನಿಂತಾನ್ರಿ. ಇಳಿಸಾಕ ಜಾಗ ಹೇಳ್ರಿ.

ಹೋದ ತಿಂಗಳು ಬಳ್ಳಾರಿ ಬ್ರೂಸ್‌ಪೇಟಿಯಿಂದ ತಂದ ಕಿರೀಟದ ಬೇಗಡಿ, ಮುಖಕ್ಕ ಹಚ್ಚೋ ಅರದಾಳ ಛಲೋ ಅದಾವ. ಅವತ್ತು ಅಲ್ಲಿ ನೀವು ಸಿಕ್ಕಾಗ ಹೆಚ್ಚು ಮಾತಾಡಾಕ ಆಗಲಿಲ್ಲ. ನಿಮಗೂ ಕೆಲಸ ಇತ್ತು.

ಬರೋ ಯುಗಾದಿ ಆದ ಮ್ಯಾಲ ಆಟ ಆಡಸಬೇಕಂತ ಊರಾಗ ಮಾತಾಗೈತಿ. ಉಳದ ಅರ್ಧ ಯಾವಾಗ ಕಳಸ್ತೀರಿ?

ಇಂತಿ,
ಓಬಣ್ಣ


ಸಿರುಗುಪ್ಪ
25-6-1973

ಪ್ರಿಯ ಓಬಣ್ಣನಿಗೆ,

ನಿನ್ನ ಪತ್ರ ತಲುಪಿತು. ಶಾಲೆ ಆರಂಭದ ಗಡಿಬಿಡಿಯಲ್ಲಿ ಉತ್ತರ ತಡವಾಯಿತು.

ಆಟದ ಉತ್ತರಾರ್ಧ ಭರದಿಂದ ಸಾಗಿದೆ. ಸಿಂಗಣ್ಣ ಅರಮನೆಯ ಬಾಗಿಲಿಗೆ ಬರುವ ಸಂದರ್ಭವನ್ನು ಬರೆದಾಗಿದೆ, ತಿದ್ದುತ್ತಿದ್ದೇನೆ. ರಾಜ ಸಿಂಹಾಸನದಿಂದ ಇಳಿದು ಓಡಿಬಂದು ಗೆಳೆಯನನ್ನು ಅಪ್ಪಿಕೊಳ್ಳುತ್ತಾನೆ. ಜನ ಕಣ್ಣೊರೆಸಿಕೊಳ್ಳಬೇಕು, ಹಾಗೆ ಬಂದಿದೆ. ದಸರೆಯ ಹೊತ್ತಿಗೆ ಎಲ್ಲರ ಪಾತ್ರದ ಹಾಳೆಗಳೂ ನಿಮ್ಮ ಕೈಯಲ್ಲಿರುತ್ತವೆ.

ಅಂದಹಾಗೆ, ನಾಲ್ಕನೇ ಇಯತ್ತೆಯಲ್ಲಿ ನನ್ನ ಸ್ಲೇಟು ಒಡೆದವನು ನೀನು. ಯಾವಾಗಿನಿಂದ ನನಗೆ 'ರೀ' ಹಚ್ಚಿ ಬರೆಯಲು ಶುರು ಮಾಡಿದೆ? ತಮಾಷೆಯೋ?

ನಿನ್ನ ತಾಯಿ ಸುಂಕಮ್ಮವ್ವನಿಗೆ ನಮಸ್ಕಾರ ತಿಳಿಸು.

ಇತಿ ನಿನ್ನ ವಿಶ್ವಾಸಿ,
ಎಂ. ಕೊಟ್ಟೂರಪ್ಪ, ಬಿ.ಎ., ಬಿ.ಎಡ್.
ಸಹಶಿಕ್ಷಕ


ಕುರುಗೋಡು
20-8-1973

ಶ್ರೀ ಮಾಸ್ತರವರಿಗೆ ನಮಸ್ಕಾರ.

'ರೀ' ಯಾಕಂತ ಕೇಳಿದ್ರಿ. ನಾಲಿಗಿಗೆ ಹಂಗ ಬಂತ್ರಿ. ದೊಡ್ಡವರ ಜೋಡಿ ನೀವು ಕುಂತಿದ್ದು ನೋಡೀನಲ್ರಿ, ಈಗ ಬ್ಯಾರೆ ಬರಂಗಿಲ್ಲ.

ಅವ್ವ ದಿನಾ ಸಂಜೀಕ ಕಟ್ಟಿ ಮ್ಯಾಲ ಕುಂತು ತಾಲೀಮು ಕೇಳತಾಳ. ಆ ರಾಜ ಗೆಳೆಯನ್ನ ಗುರುತು ಹಿಡಿತಾನೋ ಇಲ್ಲೋ ಅಂತ ನನ್ನ ಜೀವ ತಿಂತಾಳ. ಮಾಸ್ತರ ಬರೀತಾನ ತಡಿಯವ್ವಾ ಅಂತೀನಿ.

ಬರಿಯೋರಿಗೆ ನಾ ಏನು ಹೇಳಲಿ. ನಾ ಹೊಲ ಮಾಡಾವ. ಆದರೂ ಒಂದು ಮಾತು. ಗಳೆ ಹೂಡಿದ ಮ್ಯಾಲ ಮೊದಲ ಸಾಲು ಹುರುಪಿನಿಂದ ಹೋಗತೈತಿ, ಕಡೀ ಸಾಲು ಮನಿ ನೆನಪಿಗೆ ಹೋಗತೈತಿ. ನಡುವಿನ ಸಾಲಿನ್ಯಾಗ ಎತ್ತಿಗೂ ಬ್ಯಾಸರ, ಮನಿಷಾಗೂ ಬ್ಯಾಸರ. ಅಲ್ಲಿ ಎತ್ತು ಬಿಚ್ಚಬಾರದ್ರಿ. ಸಾಲಿನ ತುದಿಗೆ ಹೋಗಿ ಬಿಚ್ಚಬೇಕು. ನಡುವ ಬಿಟ್ಟ ಎತ್ತು ಮರುದಿನ ಅದೇ ಜಾಗದಾಗ ನಿಂದರತಾವ.

ಹೆಚ್ಚು ಕಡಿಮಿ ಬರದಿದ್ರ ಸಿಟ್ಟಾಗಬ್ಯಾಡ್ರಿ.

ಇಂತಿ,
ಓಬಣ್ಣ


ಸಿರುಗುಪ್ಪ
18-9-1973

ಪ್ರಿಯ ಓಬಣ್ಣ,

ನಿನ್ನ ಎತ್ತಿನ ಮಾತು ಓದಿ ನಕ್ಕೆ. ಆಮೇಲೆ ನಗು ಬರಲಿಲ್ಲ.

ಎಂಬತ್ತು ಪುಟ ಆಗಿದೆ. ಇನ್ನು ಮೂವತ್ತು ಉಳಿದಿರಬಹುದು. ಆದರೆ ನಡುವಿನ ದಾರಿ ಕಷ್ಟ, ನಿಜ. ಹೊಸ ಆಟ ಬರೆಯಲು ಕೂತಾಗ ಪೆನ್ನು ಕುದುರೆಯ ಹಾಗೆ ಓಡಿತ್ತು. ಜನವರಿಯಿಂದ ಮಾರ್ಚಿಗೆ ಅರ್ಧ ಆಟ! ಪಾಠ ಮಾಡುವಾಗಲೂ ತಲೆಯಲ್ಲಿ ಪದಗಳೇ ಕುಣಿಯುತ್ತಿದ್ದವು. ಈಗ ಬೆಳಿಗ್ಗೆ ಐದಕ್ಕೆ ಎದ್ದು ಚಾಪೆ ಹಾಸಿ ಕೂರುತ್ತೇನೆ. ಮೊದಲು ಸೊಳ್ಳೆಗೆ ಬೈಯುತ್ತೇನೆ. ನಾಲೆ ನೀರು ಬಂದ ಮೇಲೆ ಸಿರುಗುಪ್ಪದಲ್ಲಿ ಭತ್ತಕ್ಕಿಂತ ಸೊಳ್ಳೆ ಜಾಸ್ತಿ ಬೆಳೆಯುತ್ತದೆ. ಆಮೇಲೆ ಪೆನ್ನಿಗೆ ಬೈಯುತ್ತೇನೆ. ಹೊಸ ಪೆನ್ನು ತಂದೆ. ನೀಲಿ ಶಾಯಿ ಸರಿಯಿಲ್ಲ ಎಂದು ಕಪ್ಪು ತಂದೆ. ದಪ್ಪ ರಟ್ಟಿನ ಪುಸ್ತಕ ತಂದೆ, ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿದೆ, ಹೆಸರು ಬರೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಿಗಿಂತ ನಾನು ಒಂದು ಕೈ ಮೇಲು, ನೆಲವನ್ನು ಮೂರು ಸಲ ಬದಲಾಯಿಸಿದೆ.

ಮೊನ್ನೆ ಒಬ್ಬ ಹುಡುಗ ಮನೆಪಾಠ ಬರೆದಿರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದೆ ಎಂದು ಊಟದ ಹೊತ್ತಿನಲ್ಲಿ ಮನೆಯಲ್ಲಿ ಹೇಳಿದೆ. ಗುರುಬಸಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಬರೀಲಾರದೋರನ್ನೆಲ್ಲ ಬೆಂಚಿನ ಮ್ಯಾಲ ನಿಲ್ಲಸೋದಾದ್ರ ನಮ್ಮನಿಗೂ ಒಂದು ಬೆಂಚು ತರ್ರಿ" ಅಂದಳು.

ಇರಲಿ. ಎಂಬತ್ತು ಪುಟ ಸಣ್ಣದಲ್ಲ. ದಸರೆಗೆ ಆಗದಿದ್ದರೆ ದೀಪಾವಳಿಗೆ.

ಇತಿ,
ಎಂ. ಕೊಟ್ಟೂರಪ್ಪ


ಕುರುಗೋಡು
27-10-1973

ಮಾಸ್ತರವರಿಗೆ,

ದೀಪಾವಳಿನೂ ಬಂತು. ನೀವು ಹಾಳಿ ಕಳಸೋದು ಬ್ಯಾಡ್ರಿ, ಟಪಾಲಿನ್ಯಾಗ ಕಳಕೊಂಡೀತು. ನವೆಂಬರ್ ಹನ್ನೊಂದಕ್ಕ ಐತವಾರ ನಾನು, ಗಾದೆಪ್ಪ ಸಿರುಗುಪ್ಪಕ್ಕ ಬರತೀವಿ. ಆದಷ್ಟು ಎಲ್ಲಾ ತಗೊಂಡು ಹೋಗತೀವಿ. ಅವ್ವ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡತಾಳಂತ. ನಿಮಗ ಅದು ಸೇರತೈತಂತ ಅಕಿಗೆ ಇನ್ನೂ ನೆನಪೈತಿ.

ಇಂತಿ,
ಓಬಣ್ಣ


ಸಿರುಗುಪ್ಪ
3-11-1973

ಓಬಣ್ಣ,

ಹನ್ನೊಂದಕ್ಕೆ ಬರಬೇಡ. ತಗೊಂಡು ಹೋಗಲು ಇಲ್ಲಿ ಏನೂ ಇಲ್ಲ.

ಎಂಬತ್ತು ಪುಟ ಸುಳ್ಳು. ಎಂಟು ಪುಟವೂ ಇಲ್ಲ. ಮೇ ತಿಂಗಳಿಂದ ನಾನು ಒಂದು ಸಾಲು ಬರೆದಿಲ್ಲ. ಹೊಸ ಪುಸ್ತಕದಲ್ಲಿ ಇರುವುದು ನನ್ನ ಹೆಸರು ಮಾತ್ರ, ಅದೂ ಡಿಗ್ರಿ ಸಮೇತ.

ಇನ್ನೂ ಒಂದು ಇದೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಮೊದಲಿನ ಅರ್ಧವೂ ನನ್ನ ಹತ್ತಿರ ಇಲ್ಲ. ಪೂರ್ತಿ ಆಟದ ಪ್ರತಿ ಬರೆದವನ ಹತ್ತಿರ ಒಂದೇ ಇರುತ್ತದೆ ಎಂದು ನಿನಗೆ ಗೊತ್ತು. ಆ ಒಂದನ್ನು ಬ್ರೂಸ್‌ಪೇಟೆಯಿಂದ ಬಂದ ಮರುದಿನ ನಮ್ಮ ಬಚ್ಚಲ ನೀರೊಲೆಗೆ ಹಾಕಿದೆ. ಗುರುಬಸಮ್ಮ ನೋಡುತ್ತಾ ನಿಂತಿದ್ದಳು. "ನೀರು ಕಾದಾವು, ಜಳಕ ಮಾಡ್ರಿ" ಅಂದಳು.

ಬ್ರೂಸ್‌ಪೇಟೆಯ ಮಾತನ್ನು ನೀನು ಎತ್ತಲಿಲ್ಲ. ಐದು ತಿಂಗಳಿಂದ ನಾನೂ ಎತ್ತಲಿಲ್ಲ. ಇವತ್ತು ಎತ್ತುತ್ತೇನೆ. ಬಳ್ಳಾರಿಯ ಆ ಪ್ರೊಫೆಸರರಿಗೆ ನನ್ನ ಆಟ ಓದಲು ಕೊಟ್ಟಿದ್ದೆ. ಹೋಟೆಲಿನಲ್ಲಿ ಅದನ್ನು ವಾಪಸು ಕೊಟ್ಟು, ಒಗ್ಗರಣೆ ಮಿರ್ಚಿ ತಿನ್ನುತ್ತಾ ಅವರು, "ಕೈ ಚೆನ್ನಾಗಿದೆ, ಆದರೆ ಬಯಲಾಟದ ಕಾಲ ಮುಗಿಯಿತು. ನಿಮ್ಮಂಥ ಓದಿದವರು ಕಾದಂಬರಿ ಬರೆಯಬೇಕು" ಅಂದರು. ನಾನು ಉಬ್ಬಿದೆ. "ಇದು ಸುಮ್ಮನೆ ಹಳ್ಳಿಯವರ ಒತ್ತಾಯಕ್ಕೆ ಗೀಚಿದ್ದು ಸಾರ್" ಅಂದುಬಿಟ್ಟೆ. ಅಷ್ಟರಲ್ಲಿ ನೀನು ಬಾಗಿಲಲ್ಲಿ ಕಾಣಿಸಿಕೊಂಡೆ. ಬಗಲಲ್ಲಿ ಬೇಗಡೆಯ ಸುರುಳಿ, ಕೈಗೆಲ್ಲ ಅರದಾಳದ ಹಳದಿ, ಮುಖ ತುಂಬ ನಗು. "ಲೇ ಕೊಟ್ರಾ!" ಅಂತ ಕೂಗಿದೆ. ಪ್ರೊಫೆಸರರು, "ಇವರು ಯಾರು?" ಎಂದು ಕೇಳಿದರು.

ನಾನು ಏನು ಹೇಳಿದೆ ಎನ್ನುವುದು ನನಗೂ ನಿನಗೂ ಗೊತ್ತು. ಆದರೂ ಕಾಗದದ ಮೇಲೆ ಬರೆಯಲೇಬೇಕು. "ಇವನು ನಮ್ಮ ಹೊಲ ನೋಡಿಕೊಳ್ಳುವವನು" ಅಂದೆ.

ನನಗೆ ಹೊಲ ಎಲ್ಲಿದೆ ಓಬಣ್ಣ? ಅಪ್ಪನದು ಕಿರಾಣಿ ಅಂಗಡಿ. ಹದಿನಾಲ್ಕು ಎಕರೆ ಎರೆ ಹೊಲ ಇರುವುದು ನಿನಗೆ. ನೀನು ಒಂದೇ ಕ್ಷಣ ನನ್ನ ಮುಖ ನೋಡಿದೆ. ಆಮೇಲೆ ನಗುವನ್ನು ಒಳಗೆ ಎಳೆದುಕೊಂಡೆ, ಸುರುಳಿಯನ್ನು ಕೆಳಗಿಟ್ಟು ಕೈ ಮುಗಿದೆ. "ಹೌದ್ರಿ ಸಾಹೇಬ್ರ, ಇವರ ಹೊಲದಾಗ ಅದೀನಿ" ಅಂದೆ. ನೀನು ಜಗಳ ಆಡಿದ್ದರೆ, ಒಂದು ಬೈಗುಳ ಬೈದಿದ್ದರೆ ನಾನು ಬದುಕುತ್ತಿದ್ದೆ. ನನ್ನ ಮಾನ ಉಳಿಸಲು ನೀನು ಪಾತ್ರ ಕಟ್ಟಿದೆ. ಇಷ್ಟು ಚೆನ್ನಾಗಿ ನೀನು ರಂಗದ ಮೇಲೂ ಕಟ್ಟಿದ್ದನ್ನು ನಾನು ನೋಡಿಲ್ಲ.

ಅವತ್ತಿನಿಂದ ಆ ಒಂದು ಸಂದರ್ಭ ಬರೆಯಲು ಆಗುತ್ತಿಲ್ಲ. ಸಿಂಗಣ್ಣ ಗಡಿಗೆ ಹೊತ್ತು ಬಾಗಿಲಿಗೆ ಬರುತ್ತಾನೆ. ರಾಜ ಸಿಂಹಾಸನದಿಂದ ಇಳಿಯಬೇಕು. ಇಳಿಯುವುದಿಲ್ಲ. "ಇಳಿ" ಎಂದು ಬರೆದರೆ ನನ್ನ ಕೈಯೇ ನನ್ನನ್ನು ಅಣಕಿಸುತ್ತದೆ.

ಮೊನ್ನೆ ಒಂದನೇ ತಾರೀಕು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತಲ್ಲ, ಶಾಲೆಯಲ್ಲಿ ಪೇಡೆ ಹಂಚಿದೆವು. ಭಾಷಣ ನನ್ನದೇ. "ನಮ್ಮ ಹಳ್ಳಿಗಳ ಆಟ ಪಾಟ ನಮ್ಮ ಸಂಪತ್ತು, ಅದನ್ನು ಉಳಿಸಬೇಕು" ಅಂದೆ. ಚಪ್ಪಾಳೆ ಬಿತ್ತು. ಮಕ್ಕಳ ಮುಖ ನೋಡಲು ಆಗಲಿಲ್ಲ. ಮನೆಗೆ ಬಂದು ಈ ಪತ್ರ ಶುರು ಮಾಡಿದೆ, ಮೂರು ದಿನ ಹಿಡಿಯಿತು.

ಬೇರೆ ಯಾರಿಂದಾದರೂ ಆಟ ಬರೆಸಿಕೊಳ್ಳಿ. ನನಗೆ ನಾಚಿಕೆಯಾಗಿದೆ.

ಕೊಟ್ಟೂರಪ್ಪ


ಸಿರುಗುಪ್ಪ
20-12-1973

ಓಬಣ್ಣ,

ಪತ್ರ ತಲುಪಿತೋ ಇಲ್ಲವೋ ಎಂದು ಈ ಕಾರ್ಡು. ತಲುಪಿದೆ ಎಂದು ನನಗೆ ಗೊತ್ತು. ಟಪಾಲಿನವನು ಬಂದಾಗಲೆಲ್ಲ ನಾನು ಒಳಗೆ ಹೋಗುತ್ತೇನೆ, ಅವನು ಹೋದ ಮೇಲೆ ಹೊರಗೆ ಬಂದು ನೋಡುತ್ತೇನೆ. ಉತ್ತರ ಬರೆಯಲೇಬೇಕೆಂದೇನೂ ಇಲ್ಲ.

ಕೊಟ್ಟೂರಪ್ಪ


ಕುರುಗೋಡು
14-1-1974

ಕೊಟ್ಟೂರಪ್ಪನಿಗೆ,

ಈ ಗಂಟನ್ನ ಬಸ್ಸಿನ ಕಂಡಕ್ಟರ್ ಹಂಪಯ್ಯನ ಕೈಯಾಗ ಕೊಟ್ಟು ಕಳಿಸೀನಿ. ಜ್ವಾಕಿಯಿಂದ ಬಿಚ್ಚು. ಒಳಗ ನಿನ್ನ ಅರ್ಧ ಆಟ ಐತಿ.

ನಿನ್ನ ಕಾಗದ ಬಂದ ದಿನ ನಾ ಯಾರಿಗೂ ಹೇಳಲಿಲ್ಲ. ಗಾದೆಪ್ಪಗ, ಮಾಸ್ತರಗ ಮೈಯಾಗ ಆರಾಮಿಲ್ಲ ಅಂದೆ. ಒಂದು ತಿಂಗಳು ನಿನ್ನ ಹೆಸರು ಎತ್ತಾಕ ಮನಸ್ಸಾಗಲಿಲ್ಲ. ಖರೇ ಹೇಳತೀನಿ, ಬ್ಯಾರೆ ಮಾಸ್ತರನ್ನ ಹುಡುಕಾಕ ತೆಕ್ಕಲಕೋಟಿಗೂ ಹೋಗಿದ್ದೆ. ಆ ಮನಿಷಾ, ಅರ್ಧ ಆಟ ತೋರಸ್ರಿ ಅಂದ. ಏನು ತೋರಸಲಿ? ಒಬ್ಬೊಬ್ಬನ ಕೈಯಾಗ ಅವನವನ ಪಾತ್ರದ ಹಾಳಿ. ರಾಜನ ಹಾಳ್ಯಾಗ ರಾಜನ ಮಾತು, ಅದರ ಮುಂದ ಎದುರಿನವನ ಕಡೀ ಎರಡು ಶಬ್ದ. ನಡುವಿಂದು ಯಾರ ಹತ್ರಾನೂ ಇಲ್ಲ.

ವಾಪಸ್ ಬರುವಾಗ ಬಸ್ಸಿನ್ಯಾಗ ತಲಿಗೆ ಹೊಳೀತು. ಎಲ್ಲರ ಹಾಳಿ ಒಂದ ಕಡೆ ಹಾಕಿದ್ರ ಪೂರ್ತಿ ಆಟ ಆಗತೈತಲ್ಲ! ಮರುದಿನದಿಂದ ಮನಿ ಮನಿ ತಿರುಗಿದೆ. ಹನ್ನೊಂದು ಪಾತ್ರ. ಗಾದೆಪ್ಪನ ಹಾಳಿ ದೇವರ ಗೂಡಿನ್ಯಾಗ ಇದ್ದವು, ಕುಂಕುಮ ಹಚ್ಚಿದ್ದ. ಮೂರು ಮಂದಿಗೆ ಓದಾಕ ಬರಂಗಿಲ್ಲ, ಅವರು ಬಾಯಿಲೆ ಹೇಳಿದ್ರು, ನಾ ಬರಕೊಂಡೆ. ಅಂಬಿಗನ ಪಾತ್ರದ ಹಾಳಿ ಗೆದ್ದಲ ತಿಂದಿದ್ವು, ಆ ಪಾತ್ರದಾವ ಸುಗ್ಗಿ ಕೂಲಿಗೆ ಆದೋನಿ ಕಡೆ ಹೋಗ್ಯಾನ. ಆ ಮಾತು ಹೋದವು ಅಂತ ಕೈ ಚೆಲ್ಲಿ ಕುಂತಿದ್ದೆ. ಅವ್ವ ಹತ್ತಿ ಬಿಡಸ್ತಾ ಕುಂತಾಕಿ ತಲಿ ಎತ್ತದ ಒದರಿದಳು, ಅಂಬಿಗನ ಇಪ್ಪತ್ತೆಂಟು ಮಾತು, ಪದ ಸಮೇತ. ದಿನಾ ಕಟ್ಟಿ ಮ್ಯಾಲ ಕುಂತು ಕೇಳಿ ಕೇಳಿ ಅಕಿಗೆ ಇಡೀ ಆಟ ಬಂದೈತಿ.

ನಿನ್ನ ಮಾತು ಕೆಲವು ಬದಲಾಗ್ಯಾವ. ಹುಲುಗಪ್ಪ ಒಂದೆರಡು ತನ್ನವೂ ಸೇರಿಸ್ಯಾನ. ಛಲೋ ಅದಾವ, ತಗೀಬ್ಯಾಡ.

ನೀ ಸುಟ್ಟಿದ್ದು ಕಾಗದ. ಆಟ ನಮ್ಮ ಹತ್ರ ಇತ್ತು.

ಬ್ರೂಸ್‌ಪೇಟಿ ವಿಚಾರ ಕಾಗದದಾಗ ಬ್ಯಾಡ. ಒಂದ ಮಾತು ಹೇಳತೀನಿ. ರಾಜ ಇಳಿದು ಬಂದು ಅಪ್ಪಿಕೊಂಡ ಅಂತ ಬರಿಯಾಕ ಆಗವಲ್ಲದು ಅಂದಿ. ಯಾಕ ಬರೀತಿ ಸುಳ್ಳ? ಆ ರಾಜ ಏನು ಮಾಡಿದ್ನೋ ಅದನ್ನ ಬರಿ. ಮುಂದಿಂದು ತಾನ ಬರತೈತಿ.

ಓಬಣ್ಣ


ಸಿರುಗುಪ್ಪ
26-2-1974

ಓಬಣ್ಣ,

ಗಂಟು ಬಿಚ್ಚಿದ ದಿನ ನಾನು ಶಾಲೆಗೆ ಹೋಗಲಿಲ್ಲ. ಹನ್ನೊಂದು ಮಂದಿಯ ಹಾಳೆಗಳನ್ನು ಪಡಸಾಲೆಯ ತುಂಬ ಹರವಿ, ಎರಡೆರಡು ಶಬ್ದದ ಕೊಂಡಿ ಹಿಡಿದು ಜೋಡಿಸುತ್ತಾ ಹೋದೆ. ಒಂದು ಹಾಳೆಯ ಮೇಲೆ ಎಣ್ಣೆಯ ಕಲೆ, ಒಂದರ ಅಂಚಿಗೆ ಮಗು ಕಚ್ಚಿದ ಗುರುತು. ಗೀಚಿದ್ದು ಅಂದಿದ್ದೆನಲ್ಲ ನಾನು. ಆ ಗೀಚಿದ್ದಕ್ಕೆ ಗಾದೆಪ್ಪ ಕುಂಕುಮ ಹಚ್ಚಿದ್ದಾನೆ. ಗುರುಬಸಮ್ಮ ಬಂದು ಒಂದು ಹಾಳೆ ಎತ್ತಿ ನೋಡಿ, "ಇವನ್ನ ನೀರೊಲಿ ಹತ್ರ ಇಡಬ್ಯಾಡ್ರಿ" ಅಂದು ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು, ಆದರೆ ಇಲ್ಲಿ ಅವಳು ಕಳ್ಳನ ಕಣ್ಣೆದುರೇ ನಿಂತು ಹೇಳಿದ್ದಳು.

ನೀನು ಹೇಳಿದಂತೆ ಮಾಡಿದೆ. ದಿನಕ್ಕೆ ಒಂದೇ ಪುಟ. ಹುರುಪು ಇದ್ದರೂ ಒಂದು, ಇಲ್ಲದಿದ್ದರೂ ಒಂದು. ಬರೆಯಲು ಮನಸ್ಸು ಬರಲಿ ಎಂದು ಕಾಯುವುದನ್ನು ಬಿಟ್ಟೆ. ಇಷ್ಟು ದಿನ ಕಾದಿದ್ದಕ್ಕೆ ಬಂದದ್ದು ಶಾಯಿ, ಪೆನ್ನು, ಹೊದಿಕೆ. ಪುಟದ ತುದಿಗೆ ಹೋಗಿಯೇ ಎತ್ತು ಬಿಚ್ಚಿದೆ. ಕೆಲವು ದಿನ ಬರೆದದ್ದು ಓದಲು ಹೇಸಿಗೆ ಆಗುತ್ತಿತ್ತು, ಆದರೂ ಹರಿಯಲಿಲ್ಲ. ಮೂವತ್ತೈದು ದಿನಕ್ಕೆ ಮುಗಿಯಿತು.

ಆ ಸಂದರ್ಭ ಹೀಗಿದೆ. ಸಿಂಗಣ್ಣ ಬಾಗಿಲಿಗೆ ಬರುತ್ತಾನೆ. ರಂಗಕ್ಕೆ ಬಂದವರನ್ನೆಲ್ಲ "ತಾವು ಯಾರು?" ಎಂದು ಕೇಳುವುದು ಸಾರಥಿಯ ಪದ್ಧತಿ ತಾನೆ. ಇಲ್ಲಿ ಸಾರಥಿ ಸಿಂಗಣ್ಣನನ್ನು ಕೇಳುವುದಿಲ್ಲ, ರಾಜನನ್ನು ಕೇಳುತ್ತಾನೆ: "ಮಹಾರಾಜಾ, ಮೊಸರಿನ ಗಡಿಗೆ ಹೊತ್ತು ನಿಂತ ಈತನು ಯಾರು?" ಸಭೆಯಲ್ಲಿ ದೊಡ್ಡವರಿದ್ದಾರೆ. ರಾಜ ಹೇಳುತ್ತಾನೆ: "ಈತನು ನಮ್ಮ ಹೊಲ ಕಾಯುವವನು." ಸಿಂಗಣ್ಣ ಕೈ ಮುಗಿದು, "ಹೌದು ಪ್ರಭು, ತಮ್ಮ ಹೊಲ ಕಾಯುವವನೇ" ಎಂದು ಗಡಿಗೆ ಇಳಿಸಿ ಹೋಗುತ್ತಾನೆ. ಆಮೇಲೆ ರಾಜನಿಗೆ ಅನ್ನ ಸೇರುವುದಿಲ್ಲ. ಕೊನೆಗೆ ಕಿರೀಟ ಬಿಟ್ಟು ತಾನು ಬೆಳೆದ ಆ ದನಗಾಹಿಯ ಮನೆಗೆ ಹೋಗುತ್ತಾನೆ. ಒಳಗಿನಿಂದ ಸಿಂಗಣ್ಣನ ತಾಯಿ, "ಯಾರಪ್ಪಾ ನೀನು?" ಎಂದು ಕೇಳುತ್ತಾಳೆ. ಅಲ್ಲಿಗೆ ಮಂಗಳ.

ಎಲ್ಲರ ಹಾಳೆಗಳನ್ನೂ ಬೇರೆ ಬೇರೆ ಬರೆದು ಹಂಪಯ್ಯನ ಕೈಯಲ್ಲಿ ಕಳಿಸಿದ್ದೇನೆ. ಪೂರ್ತಿ ಪ್ರತಿ ಒಂದು ನನ್ನ ಹತ್ತಿರ, ಒಂದು ನಿನ್ನ ಹತ್ತಿರ. ಇನ್ನು ಮುಂದೆ ಬರೆದವನನ್ನು ನಂಬಬೇಡಿ.

ಕೊಟ್ಟೂರಪ್ಪ


ಕುರುಗೋಡು
17-3-1974

ಕೊಟ್ಟೂರಪ್ಪ,

ಹಾಳಿ ಬಂದವು. ತಾಲೀಮು ಹತ್ತೈತಿ. ಆದರ ಒಂದು ತೊಡಕು.

ಗಾದೆಪ್ಪ ರಾಜನ ಪಾತ್ರ ಒಲ್ಲೆ ಅಂತಾನ. "ಊರಾಗ ಹೆಂಡ್ರು ಮಕ್ಕಳು ಮುಂದ ಕುಂತಿರತಾರ, ಕೂಡಿ ಬೆಳೆದಾವನ್ನ ಆಳು ಅನ್ನೋ ಮಾತು ನನ್ನ ಬಾಯಾಗ ಬರಂಗಿಲ್ಲ. ರಾಕ್ಷಸನ ಪಾತ್ರ ಕೊಡ್ರಿ ಬೇಕಾರ, ಮಾಡತೀನಿ" ಅಂದು ಹಾಳಿ ಕಟ್ಟಿ ಮ್ಯಾಲ ಇಟ್ಟು ಹೋದ. ಮೀಸಿನೂ ತೆಗಿಸ್ಯಾನ. ಮತ್ತಿಬ್ಬರನ್ನ ಕೇಳಿದೆ, ಅವರೂ ಒಲ್ಲೆ ಅಂದ್ರು.

ಹಿಂಗಾಗಿ ನೀನ ಬಾ. ಆ ಮಾತು ನಿನಗ ತಾಲೀಮು ಬ್ಯಾಡ.

ಸಾಲಿ ಮಾಸ್ತರ ವೇಷ ಕಟ್ಟಿದ್ರ ಜನ ಏನಂತಾರ ಅಂತ ಅಂಜಿದ್ರ ಬರಬ್ಯಾಡ, ಆಟ ನಿಲ್ಲಸತೀನಿ. ಯುಗಾದಿ ಆಗಿ ನಾಲ್ಕನೇ ಶನಿವಾರ ಆಟ. ಸಾರಥಿ ನಾನು. ಎಲ್ಲರ ಮುಂದ ಕೇಳತೀನಿ.

ಓಬಣ್ಣ


ಸಿರುಗುಪ್ಪ
24-4-1974

ಓಬಣ್ಣ,

ಬೆಳಗಿನ ಬಸ್ಸಿಗೆ ನಿನಗೆ ಹೇಳದೆ ಬಂದುಬಿಟ್ಟೆ. ನೀನು ಕಿರೀಟ, ಭುಜಕೀರ್ತಿಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಹತ್ತಿರ ಬರಲು ಕಾಲು ಬರಲಿಲ್ಲ.

ಆ ಮಾತು ನನಗೆ ತಾಲೀಮು ಬೇಡ ಅಂದಿದ್ದೆ ನೀನು. ನಾನೂ ಹಾಗೇ ತಿಳಿದಿದ್ದೆ. ಬ್ರೂಸ್‌ಪೇಟೆಯಲ್ಲಿ ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ ಅದಕ್ಕೆ. ರಂಗದ ಮೇಲೆ ನೀನು ನನ್ನ ಕಡೆ ತಿರುಗಿ, "ಮಹಾರಾಜಾ, ಈತನು ಯಾರು?" ಎಂದು ಕೇಳಿದಾಗ ನಾನು "ಈತನು" ಅಂದೆ. ಮತ್ತೆ "ಈತನು" ಅಂದೆ. ಹುಲುಗಪ್ಪ ಗಡಿಗೆ ಹೊತ್ತು ಕಾಯುತ್ತಿದ್ದ. ಮದ್ದಳೆಯವನು ತಾಳ ಹಾಕುತ್ತಲೇ ಇದ್ದ. ಜನ ನನಗೆ ಮಾತು ಮರೆತಿದೆ ಎಂದುಕೊಂಡರು. ನೀನು ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು, ತುಟಿ ಅಲುಗಿಸದೆ, ಹೇಳಿಕೊಟ್ಟೆ: "ನಮ್ಮ ಹೊಲ ಕಾಯುವವನು. ಹೇಳು ಲೇ ಕೊಟ್ರಾ, ಆಟ ನಿಲ್ಲಬಾರದು."

ಎರಡನೇ ಸಲವೂ ನನ್ನನ್ನು ನೀನೇ ಉಳಿಸಬೇಕಾಯಿತು, ಅದೇ ಮಾತಿನಿಂದ. ನಾನು ಹೇಳಿದೆ. ಕೂಗಿ ಹೇಳಿದೆ. ಹೆಣ್ಣುಮಕ್ಕಳ ಕಡೆಯಿಂದ ಸುಂಕಮ್ಮವ್ವನ ದನಿ ಬಂತು: "ಥೂ, ನಿನ್ನ ರಾಜ್ಯಕ್ಕ ಬೆಂಕಿ ಬೀಳ!" ಇಡೀ ಬಯಲು ಹೌದು ಹೌದು ಅಂದಿತು. ಅಷ್ಟು ಜನರ ಮುಂದೆ ನಾಚಿ ನಿಂತಾಗ, ಒಂದು ವರ್ಷದಿಂದ ಒಬ್ಬನೇ ಹೊತ್ತಿದ್ದದ್ದು ಸ್ವಲ್ಪ ಹಗುರ ಆಯಿತು. ನಿಜ ಹೇಳುತ್ತಿದ್ದೇನೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಬೆಳಕು ಹರಿದ ಮೇಲೆ ನಿಮ್ಮ ಮನೆಯ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ. ಸುಂಕಮ್ಮವ್ವ ಬಿಸಿನೀರು, ಕೊಬ್ಬರಿ ಎಣ್ಣೆ ತಂದಳು. ಅರದಾಳ ನೀರಿಗೆ ಬಿಡುವುದಿಲ್ಲ ಎಂದು ತಾನೇ ಎಣ್ಣೆ ಹಚ್ಚಿ ಸೆರಗಿನಿಂದ ಒರೆಸತೊಡಗಿದಳು, ಚಿಕ್ಕಂದಿನಲ್ಲಿ ನಮ್ಮಿಬ್ಬರ ಸುಂಬಳ ಒರೆಸುತ್ತಿದ್ದ ಹಾಗೆಯೇ. "ಆಟ ಛಲೋ ಬರದೀಯಪ್ಪಾ. ಆದ್ರ ಇಂಥಾ ಮನಿಷಾ ಎಲ್ಲಿ ಸಿಕ್ಕ ನಿನಗ? ಎಲ್ಲಿ ಹುಡಕಿದಿ?" ಎಂದು ಕೇಳಿದಳು.

ನೀನು ಮನೆಯಲ್ಲಿ ಹೇಳಿಯೇ ಇಲ್ಲ ಎಂದು ಆಗ ತಿಳಿಯಿತು. ಸುಮ್ಮನೆ ನಕ್ಕು ಬಿಡಬಹುದಿತ್ತು. "ಎಲ್ಲೀ ಹುಡಕಲಿಲ್ಲವ್ವಾ. ಅಂವ ನಾನ. ಬ್ರೂಸ್‌ಪೇಟಿಯಾಗ ದೊಡ್ಡವರ ಮುಂದ ಓಬಣ್ಣಗ ಹಂಗ ಅಂದೆ" ಅಂದೆ.

ಅವಳ ಕೈ ನಿಲ್ಲಲಿಲ್ಲ. ಒರೆಸುತ್ತಲೇ ಇದ್ದಳು, ಕಿವಿಯ ಹಿಂದೆ, ಕೊರಳ ಕೆಳಗೆ, ಸ್ವಲ್ಪ ಬಿರುಸಾಗಿ. ಎಲ್ಲ ಬಣ್ಣ ಹೋದ ಮೇಲೆ ಸೆರಗು ಹಿಂಡುತ್ತಾ ಕೇಳಿದಳು:

"ನಿಮ್ಮ ಹೊಲ ಯಾ ದಿಕ್ಕಿಗೈತಿ ಕೊಟ್ರಪ್ಪಾ? ಎಪ್ಪತ್ತು ವರ್ಸಾತು ಈ ಊರಾಗ ಅದೀನಿ, ನಾ ನೋಡೇ ಇಲ್ಲ."

ಒಳಗೆ ಹೋದಳು. ಯಾವಾಗ ಬಂದರೂ ಹೋಗುವಾಗ ರೊಟ್ಟಿ ಕಟ್ಟಿ ಕೊಡುವವಳು ಈ ಸಲ ಕೊಡಲಿಲ್ಲ. ಬಸ್ಸಿನಲ್ಲಿ ಸಿರುಗುಪ್ಪ ಬರುವವರೆಗೂ ತೊಡೆಯ ಮೇಲೆ ಖಾಲಿ ಕೈ ಇಟ್ಟುಕೊಂಡು ಕೂತಿದ್ದೆ.

ಆ ಪ್ರೊಫೆಸರರಿಗೆ ನಿನ್ನೆ ಒಂದು ಕಾರ್ಡು ಬರೆದೆ. "ಕಳೆದ ಮೇ ತಿಂಗಳಲ್ಲಿ ತಾವು ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿದ್ದೆ. ಅವರು ಕುರುಗೋಡಿನ ಓಬಣ್ಣ, ನನ್ನ ಬಾಲ್ಯದ ಗೆಳೆಯ, ಬಯಲಾಟದ ಸಾರಥಿ. ನನಗೆ ಹೊಲ ಇಲ್ಲ. ನಾನು ಬಯಲಾಟ ಬರೆಯುತ್ತೇನೆ." ಅಷ್ಟೇ. ಅವರಿಗೆ ಅದು ನೆನಪೂ ಇರಲಿಕ್ಕಿಲ್ಲ.

ಇನ್ನೊಂದು ಆಟ ತಲೆಯಲ್ಲಿದೆ. ಬರೆಯಲೋ ಬೇಡವೋ, ನಿನ್ನನ್ನು ಕೇಳುವ ಮುಖ ನನಗಿಲ್ಲ.

ಕೊಟ್ರ


ಕುರುಗೋಡು
10-6-1974

ಲೇ ಕೊಟ್ರಾ,

ಮಿರಗ ಮಳಿ ಛಲೋ ಬಂತು. ಹೊಲ ಹದಕ್ಕ ಬಂದೈತಿ. ತಡ ಆತು ಬರಿಯಾಕ. ಸಿಟ್ಟು ಇತ್ತು, ಸುಳ್ಳು ಯಾಕ ಹೇಳಲಿ. ಇನ್ನೂ ಸ್ವಲ್ಪ ಐತಿ.

ಅವ್ವ ಒಂದೂವರಿ ತಿಂಗಳು ನಿನ್ನ ಸುದ್ದಿ ಎತ್ತಲಿಲ್ಲ. ನಿನ್ನಿ ರೊಟ್ಟಿ ಬಡಿಯುವಾಗ, "ಆ ಹೊಲಾ ಇಲ್ಲದಾವ ಏನು ಮಾಡತಾನಂತ? ಮತ್ತ ಏನರ ಬರೀತಾನೋ, ಇಲ್ಲಾ ನಡುವ ಬಿಟ್ಟು ಕುಂತಾನೋ?" ಅಂದಳು. ಕಾಗದ ಬರಿ ಅಂತ ಅಕಿನ ಹೇಳಿದಳು.

ಸಾಲಿ ಸೂಟಿ ಇನ್ನೂ ನಾಕು ದಿನ ಐತಲ್ಲ. ಸಜ್ಜಿ ಬಿತ್ತಬೇಕು, ನಮಗ ಒಂದು ಆಳು ಕಡಿಮಿ ಬಿದ್ದೈತಿ. ಬರಿಯೋ ಪುಸ್ತಕ ತಗೊಂಡು ಬಾ. ಮುಂಜಾನಿ ಒಂದು ಪುಟ ಬರಿ, ಆಮ್ಯಾಲ ಕೂರಿಗಿ ಹಿಂದ ನಿಂದರು.

ದಾರಿ ಮ್ಯಾಲ ಹೋಗೋರು ಯಾರಾದರೂ ಇಂವ ಯಾರಂತ ಕೇಳಿದ್ರ ಅಂಜಬ್ಯಾಡ. ನಮ್ಮ ಹೊಲದಾಗ ಇರತಾನ ಅಂತ ಹೇಳತೀನಿ.

ಓಬಣ್ಣ